ನಕಾಶೆಯಲ್ಲಿ ಮಾತ್ರ ಇದ್ದ ಸೇತುವೆ

ಎಂಬತ್ತರ ದಶಕದ ಮೊದಲಲ್ಲಿ ನಾನು ರಸ್ತೆ ಕಚೇರಿಯೊಂದರಲ್ಲಿ ನಕಾಶೆ ಬಿಡಿಸುವ ಕೆಲಸದಲ್ಲಿದ್ದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ರಸ್ತೆಗಳನ್ನು ಹೊಸದಾಗಿ ಅಳೆದು, ಸರಕಾರಿ ಜೀಪು, ಲಾರಿಗಳ ಡ್ರೈವರುಗಳಿಗೆ ದಾರಿ ತೋರಿಸುವ ನಕಾಶೆ ಮಾಡಬೇಕೆಂದು ಆದೇಶ ಬಂತು. ಅಳೆಯಲು ಜನ ಸಾಲದೆ ಹೆಂಗಸಾದ ನನ್ನನ್ನೂ ಕಳಿಸಿದರು. ಜೊತೆಗೆ ರಸ್ತೆ ಕೂಲಿಗಳ ಮುಖಂಡರಾಗಿದ್ದ ಒಬ್ಬ ಹಿರಿಯ ಮುಕಾದಮರು. ಅವರು ಉದ್ದ ಹಿಡಿಕೆಯ ಅಳತೆಗಾಲಿಯನ್ನು ಉರುಳಿಸುತ್ತ ನಡೆಯುತ್ತಿದ್ದರು. ನಾನು ತಿರುವು, ಮೋರಿ, ಕವಲುದಾರಿ ಬರೆದುಕೊಳ್ಳುತ್ತಿದ್ದೆ. ಹಿರೇಬೆಂಡಿಗೇರಿ ಹತ್ತಿರ ಒಂದು ಫರ್ಲಾಂಗು ತಪ್ಪಿತೆಂದು ಉರಿಬಿಸಿಲಲ್ಲಿ ಹಿಂದಕ್ಕೆ ಹೋಗಿ ಮತ್ತೆ ಅಳೆದಿದ್ದೆವು.

ಹಿರೇಕೆರೂರಿನ ಕಡೆ ಒಂದು ಹಳ್ಳ ಎದುರಾಯಿತು. ಕಚೇರಿಯಿಂದ ಒಯ್ದಿದ್ದ ಹಳೆಯ ಕಾಗದದಲ್ಲಿ ಅಲ್ಲಿ ಸೇತುವೆಯಿತ್ತು. ಕಣ್ಣೆದುರಿಗೆ ಇದ್ದದ್ದು ಎರಡು ಮೊಂಡು ಕಂಬ. ಬಟ್ಟೆ ಒಗೆಯುತ್ತಿದ್ದ ಮುದುಕಿಯನ್ನು ವಿಚಾರಿಸಿದ್ದಕ್ಕೆ ಅವಳೆಂದಳು:

“ಬ್ರಿಜ್ ಎಲ್ಲೈತಿ ಯವ್ವಾ? ಕಂಬ ನಿಲ್ಲಿಸಿ ಹೋದವ್ರು ತಿರುಗಿ ಮಾರಿ ತೋರಿಸಿಲ್ಲ. ಮಳಿಗಾಲದಾಗ ನಾವು ರಟ್ಟೀಹಳ್ಳಿ ಸುತ್ತಿ ಹೊಕ್ಕೇವಿ.”

‘ಸೇತುವೆ ಇಲ್ಲ. ಮಳೆಗಾಲದಲ್ಲಿ ವಾಹನ ದಾಟದು’ ಎಂದು ಬರೆದೆ. ಮುಕಾದಮರೂ ಸಹಿ ಮಾಡಿದರು.

ಕಚೇರಿಯ ಸಾಹೇಬರು ಆ ಸಾಲಿನ ಮೇಲೆ ಗೆರೆ ಎಳೆದರು. “ಫೈಲಿನ್ಯಾಗ ಕೆಲಸ ಮುಗದೈತಿ. ನಕಾಶಿಯೊಳಗ ಬ್ರಿಜ್ ಬರೀರಿ.”

“ಅಲ್ಲಿ ಇಲ್ರಿ ಸಾಹೇಬ್ರ. ಕಣ್ಣಾರೆ ನೋಡಿ ಬಂದೇನಿ.”

“ನಿಮ್ಮ ಕಣ್ಣು ಯಾರಿಗೆ ಬೇಕಾಗೇತಿ? ಕೈ ಅಷ್ಟ ಸಾಕು.”

ಆ ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆಯೇ. ನೌಕರಿ ಹೋದೀತೆಂಬ ಹೆದರಿಕೆಗೆ ಬಾಯಿ ಮುಚ್ಚಿಕೊಂಡು, ಇಲ್ಲದ ಸೇತುವೆಯನ್ನು ನನ್ನ ಕೈಯಾರೆ, ಅದೂ ಬಲು ಅಂದವಾಗಿ ಬಿಡಿಸಿದೆ. ನಕಾಶೆ ಅಚ್ಚಾಗಿ ಬಂತು.

ಮುಂದಿನ ಮಳೆಗಾಲ ದವಾಖಾನೆಯ ಜೀಪಿನ ಡ್ರೈವರ್ ಒಬ್ಬ ಕಚೇರಿಯೊಳಗೆ ನುಗ್ಗಿದ. ನಮ್ಮ ಕಡೆಗೆ ಹೊಸಬ, ಮೈಯೆಲ್ಲ ಕೆಸರು. ನಕಾಶೆಯನ್ನು ಮೇಜಿನ ಮೇಲೆ ಬಡಿದ.

“ಈ ನಕಾಶಿ ಬರದವ್ರು ಯಾರ್ರಿ? ಬ್ಯಾನಿ ತಿನ್ನೋ ಹೆಣ್ಮಗಳನ್ನ ಕುಂದರಿಸ್ಕೊಂಡು ಹಳ್ಳದ ದಂಡಿಗೆ ಹೋಗಿ ನಿಂತೆ. ಹೊಳ್ಳಿ ಸುತ್ತಿ ಬರೂದ್ರಾಗ ಕೂಸು ಹೋತು!”

ಸಾಹೇಬರು ಫೈಲಿನಿಂದ ತಲೆ ಎತ್ತಲಿಲ್ಲ. ನಾನು ಎದ್ದು ನಿಂತೆ. “ನಾನ್ರೀ,” ಎಂದೆ.

ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. “ತಾಯಿ ಬದುಕ್ಯಾಳ್ರಿ,” ಎಂದಷ್ಟೇ ಹೇಳಿ ಹೊರಟುಹೋದ.

ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಕಪಾಟಿನಲ್ಲಿ ಉಳಿದಿದ್ದ ನಕಾಶೆಗಳನ್ನೆಲ್ಲ ಹೊರಗೆಳೆದು, ಒಂದೊಂದರಲ್ಲೂ ಸೇತುವೆಯ ಮೇಲೆ ಕೆಂಪು ಶಾಯಿಯ ಗೀಟು ಹಾಕಿದೆ. ಪಕ್ಕದಲ್ಲಿ ‘ಸೇತುವೆ ಇಲ್ಲ, ರಟ್ಟೀಹಳ್ಳಿ ಮೇಲೆ ಹೋಗಿ’ ಎಂದು ಬರೆದೆ. ಮುಕಾದಮರು ಎದುರಿಗೆ ಕೂತು ಹಾಳೆಗಳನ್ನು ಆರಲು ಹರವಿದರು. ಸಂಜೆಯ ಟಪಾಲಿಗೆ ಎಲ್ಲವನ್ನೂ ನಾಲ್ಕು ತಾಲೂಕಿಗೆ ಕಳಿಸಿಬಿಟ್ಟೆವು.

ವಾರದೊಳಗೆ ನೋಟೀಸು ಬಂತು: ಸರಕಾರಿ ಕಾಗದ ಹಾಳು ಮಾಡಿದ್ದೇಕೆ? ‘ದಯವಿಟ್ಟು ಹಳ್ಳಕ್ಕೆ ಬಂದು ಅಳೆದು ನೋಡಿ’ ಎಂದು ಉತ್ತರ ಬರೆದೆ. ಅಳೆಯಲು ಯಾರೂ ಬರಲಿಲ್ಲ. ನನ್ನನ್ನು ಸವಣೂರಿನ ಉಗ್ರಾಣಕ್ಕೆ ವರ್ಗ ಮಾಡಿದರು. ಸಲಿಕೆ, ಬುಟ್ಟಿ ಎಣಿಸುತ್ತ ಕೂತೆ. ಅಲ್ಲಿಗೆ ಬರುತ್ತಿದ್ದ ಲಾರಿ ಡ್ರೈವರುಗಳು ಮಾತ್ರ “ಅಕ್ಕಾರ, ಕೆಂಪು ಗೀಟಿನ ನಕಾಶಿ ಇನ್ನೊಂದು ಐತೇನ್ರಿ?” ಎಂದು ಕೇಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಸೇತುವೆಯನ್ನು ಕಟ್ಟಿದರು. ಕಚೇರಿಯ ಕಾಗದದಲ್ಲಿ ಆ ಕೆಲಸಕ್ಕೆ ಕೊಟ್ಟ ಹೆಸರು: ಹಳೆಯ ಸೇತುವೆಯ ದುರಸ್ತಿ.