ಎದುರು ಮನೆಯಲ್ಲಿ ವಿಚಾರಿಸಿದರು

ನಮ್ಮ ಜನರಲ್ಲಿ ಹುಡುಗ ಹುಡುಗಿ ಒಪ್ಪಿದರೂ ಮದುವೆ ಗಟ್ಟಿಯಾಗುವುದಿಲ್ಲ. ಗಂಡಿನ ಕಡೆಯ ಹೆಂಗಸೊಬ್ಬಳು ಏನೋ ನೆಪ ಮಾಡಿಕೊಂಡು ಹುಡುಗಿಯ ಬೀದಿಗೆ ಬಂದು, ಅಕ್ಕಪಕ್ಕದಲ್ಲಿ ‘ಹೇಗೆ ಆ ಜನ?’ ಅಂತ ವಿಚಾರಿಸಿಕೊಂಡು ಹೋಗಬೇಕು. ಜಾತಕ, ಸಂಬಳ ಎಲ್ಲಕ್ಕಿಂತ ಅಕ್ಕಪಕ್ಕದವರ ಮಾತೇ ದೊಡ್ಡದು. ನನ್ನ ತಂಗಿಗೆ ಕೆಂಗೇರಿಯ ಸಂಬಂಧ ಕೂಡಿಬಂದಾಗ ನಾವು ಮಾರೇನಹಳ್ಳಿಯ ಹಳೇ ಮನೆ ಬಿಟ್ಟು ಬಸವೇಶ್ವರನಗರದ ಬಾಡಿಗೆ ಪೋರ್ಷನ್ನಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಬೀದಿಯ ನಾಯಿಗಳಿಗೂ ನಮ್ಮ ಪರಿಚಯವಿರಲಿಲ್ಲ.

‘ಯಾರೋ ಏನೋ, ಗೊತ್ತಿಲ್ಲಪ್ಪ ಅಂದ್ಬಿಟ್ರೆ ಮುಗೀತು ಕಣೋ,’ ಅಂದಳು ಅಮ್ಮ. ‘ಗೊತ್ತಿಲ್ಲ ಅಂದ್ರೆ ಏನೋ ಇದೆ ಅಂತಾನೇ ಅರ್ಥ.’

ತಂಗಿಗೆ ಆ ಹುಡುಗ ನಿಜವಾಗಿಯೂ ಇಷ್ಟವಾಗಿದ್ದ. ಮೂವತ್ತು ದಾಟಿದವಳು, ಬಂದವರ ಮುಂದೆಲ್ಲ ಕಾಫಿ ತಟ್ಟೆ ಹಿಡಿದು ಸಾಕಾದವಳು, ಈಗ ಫೋನ್ ಹಿಡಿದುಕೊಂಡು ಟೆರೇಸಿಗೆ ಹೋಗಿ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಈ ಸಂಬಂಧ ತಪ್ಪಬಾರದು ಅಂತ ಮನೆಯಲ್ಲಿ ಮೂವರಿಗೂ ಒಂದೇ ಜಪ.

ಹಾಗಾಗಿ ಅಮ್ಮ ಕೊಬ್ಬರಿ ಮಿಠಾಯಿ ಮಾಡಿಕೊಂಡು ಎದುರು ಮನೆಗೆ ಹೋದಳು. ಅಲ್ಲಿದ್ದದ್ದು ಆ ಮನೆಯ ಒಡತಿ, ಬೀದಿಗೆಲ್ಲ ಆಂಟಿ. ಬೆಳಗ್ಗೆ ನೀರು ಹಾಕಿ ರಂಗೋಲಿ ಬಿಟ್ಟರೆ ಊಟದ ಹೊತ್ತಿನ ತನಕ ಗೇಟು ಬಿಟ್ಟು ಕದಲುವ ಹೆಂಗಸಲ್ಲ. ಯಾರ ಮನೆಗೆ ಯಾರು ಬಂದರು, ಎಷ್ಟೊತ್ತಿಗೆ ಹೋದರು, ಎಲ್ಲ ನಾಲಗೆಯ ತುದಿಯಲ್ಲಿ. ಮೊದಲ ದಿನವೇ ‘ನೀವು ಯಾವ ಪೈಕಿ?’ ಅಂತ ಕೇಳಿ, ಉತ್ತರ ಹಿಡಿಸಿದ ಮೇಲೆ ಒಳಗೆ ಕರೆದು ಕೂರಿಸಿದರಂತೆ.

ಸ್ನೇಹ ಬೆಳೆಯಿತು. ಒಂದು ಮಧ್ಯಾಹ್ನ ಆಂಟಿ ತಮ್ಮ ಸೊಸೆ ಮಗನನ್ನು ಬಿಟ್ಟು ತವರಿಗೆ ಹೋದ ಕಥೆ ಹೇಳಿ ಅತ್ತರು. ಅವರು ಅಷ್ಟು ಹೇಳಿಕೊಂಡ ಮೇಲೆ ತಾನು ಬಾಯಿ ಹೊಲಿದುಕೊಂಡು ಕೂರುವುದು ಹೇಗೆ ಅಂತ ನಮ್ಮಮ್ಮನಿಗೆ ಅನ್ನಿಸಿಬಿಟ್ಟಿತು. ತಂಗಿಗೆ ಚಿಕ್ಕವಳಿದ್ದಾಗ ಫಿಟ್ಸ್ ಬರುತ್ತಿದ್ದದ್ದು, ಎಷ್ಟೋ ವರ್ಷದ ಹಿಂದೆಯೇ ನಿಂತುಹೋದದ್ದು, ಎಲ್ಲ ಹೇಳಿ ತಾನೂ ಅತ್ತು ಬಂದಳು.

‘ಅಮ್ಮಾ, ನಿಂಗೇನು ತಲೆಗಿಲೆ ಕೆಟ್ಟಿದ್ಯಾ?’ ಅಂತ ಕೂಗಾಡಿದೆ.

‘ಅವರು ಅಂಥೋರಲ್ಲ ಕಣೋ. ನನ್ ಕೈ ಹಿಡ್ಕೊಂಡು ಅತ್ರು.’

ಮಾರೇನಹಳ್ಳಿಯಲ್ಲಿ ಇಡೀ ಓಣಿಗೆ ಆ ವಿಷಯ ಗೊತ್ತಿತ್ತು. ಮಗು ಬಿದ್ದಾಗ ಕೈಗೆ ಕಬ್ಬಿಣದ ಬೀಗದಕೈ ಹಿಡಿಸಲು ಓಡಿ ಬರುತ್ತಿದ್ದವರೇ ಅವರು. ಯಾವ ಗಂಡಿನ ಕಡೆಯವರು ಬಂದು ತಲೆಕೆಳಗಾಗಿ ನಿಂತರೂ ಅಲ್ಲಿ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಹುಡುಗನ ಸೋದರತ್ತೆ ಒಂದು ಗುರುವಾರ ಬಂದರು. ಆಟೋ ಇಳಿದವರೇ ನೇರ ಎದುರು ಗೇಟಿಗೆ. ಒಳಗೆ ಹೋಗಿ ಕಾಫಿ ಕುಡಿಯುವಷ್ಟು ಹೊತ್ತು ಕೂತರು. ನಾವು ಕಿಟಕಿ ಪರದೆಯ ಹಿಂದೆ ಕಳ್ಳರ ಹಾಗೆ ನಿಂತಿದ್ದೆವು. ಹೊರಗೆ ಬಂದವರು ನಮ್ಮ ಮನೆಯತ್ತ ತಲೆ ಎತ್ತಿಯೂ ನೋಡಲಿಲ್ಲ.

ಸಂಜೆ ಆಂಟಿಯೇ ಬಂದರು, ಮುಖ ತುಂಬ ಸಂತೋಷ. ‘ನಿಮ್ ಮಗಳು ಬಂಗಾರ ಅಂತ ಹೇಳಿದೀನಿ ಕಣ್ರೀ. ಪಾಪ, ಫಿಟ್ಸ್ ಬರ್ತಿತ್ತಂತೆ, ಈಗೇನೂ ಇಲ್ವಂತೆ, ಅದೆಲ್ಲ ಮನಸ್ಸಿಗೆ ಹಚ್ಕೋಬೇಡಿ ಅಂತಾನೂ ಹೇಳ್ದೆ. ನಾಳೆ ಬೇರೆಯವರಿಂದ ಗೊತ್ತಾದ್ರೆ ನಿಮಗೇ ಅಲ್ವಾ ಕೆಟ್ಟ ಹೆಸರು?’

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಅಂತಾರೆ. ಈ ಮಹಾತಾಯಿ ಒಂದು ಸುಳ್ಳೂ ಹೇಳಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ನನ್ನ ಮೈ ಉರಿದುಹೋಯಿತು. ಅಮ್ಮ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡು, ‘ಒಳ್ಳೇದು ಮಾಡಿದ್ರಿ,’ ಅಂದಳು.

ತಂಗಿ ಹುಡುಗನಿಗೆ ಈ ವಿಷಯವನ್ನು ಮೊದಲ ವಾರವೇ ಹೇಳಿದ್ದಳಂತೆ. ‘ನಂಗೇನೂ ಇಲ್ಲ, ನಮ್ಮನೇಲಿ ಮಾತ್ರ ಗೊತ್ತಾಗೋದು ಬೇಡ,’ ಅಂದಿದ್ದನಂತೆ ಆ ಪುಣ್ಯಾತ್ಮ. ಮನೆಯಲ್ಲಿ ಗೊತ್ತಾದ ಮೇಲೆ ಅವನು ಫೋನೆತ್ತಲಿಲ್ಲ. ಅವಳು ಟೆರೇಸಿನಲ್ಲಿ ಕೂತು ಫೋನ್ ಮಾಡಿಯೇ ಮಾಡಿದಳು, ಆಮೇಲೆ ಕೆಳಗೆ ಬಂದು ಅನ್ನಕ್ಕಿಟ್ಟಳು. ಹೇಡಿ ನನ್ಮಗ. ಇವತ್ತಿಗೂ ಕೆಂಗೇರಿ ಕಡೆ ಹೋಗುವಾಗ ಅವನು ಸಿಕ್ಕರೆ ಏನು ಮಾಡಬೇಕು ಅಂತ ಯೋಚಿಸುತ್ತೇನೆ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬದ ದಿನ ಆಂಟಿ ತಮ್ಮ ಗೇಟಿನಿಂದಲೇ ಕೂಗಿದರು: ‘ಸಾಯಂಕಾಲ ಅರಿಶಿನ ಕುಂಕುಮಕ್ಕೆ ಮಗಳನ್ನ ಕಳಿಸಿ.’ ಬಾಗಿಲಲ್ಲಿ ನಿಂತಿದ್ದವಳು ಅಮ್ಮ. ವಿಧವೆಯಾದ್ದರಿಂದ ಅವಳಿಗೆ ಕರೆಯಿರಲಿಲ್ಲ.

‘ಅವರ ಮನೆ ಹೊಸಿಲು ತುಳೀಬೇಡ,’ ಅಂದೆ ತಂಗಿಗೆ.

ಅಮ್ಮ ನನ್ನತ್ತ ನೋಡಲೂ ಇಲ್ಲ. ‘ಹಸಿರು ಸೀರೆ ಉಟ್ಕೋ. ಹೋಗಿ ಕಾಲಿಗೆ ಬಿದ್ದು ಬಾ. ಇನ್ನೊಂದು ಸಂಬಂಧ ಬಂದ್ರೂ ಅವರನ್ನೇ ತಾನೇ ಕೇಳೋದು?’

ಹಸಿರು ಸೀರೆ ನಿಶ್ಚಿತಾರ್ಥಕ್ಕೆಂದು ತಂದದ್ದು. ತಂಗಿ ಅದನ್ನೇ ಉಟ್ಟಳು, ಹೂ ಮುಡಿದಳು. ನಾನು ಬೀದಿ ದಾಟಿಸಿ ಗೇಟಿನ ಹೊರಗೆ ನಿಂತೆ. ತೆರೆದ ಬಾಗಿಲಿನಲ್ಲಿ ಎಲ್ಲ ಕಾಣುತ್ತಿತ್ತು. ಹಜಾರದ ತುಂಬ ಬೀದಿಯ ಹೆಂಗಸರು. ಅವಳು ಬಗ್ಗಿ ಆಂಟಿಯ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದಳು.

‘ಬೇಗ ಕಂಕಣ ಕೂಡಿ ಬರ್ಲಿ ತಾಯಿ,’ ಅಂತ ಆಂಟಿ ಅವಳ ಹಣೆಗೆ ಕುಂಕುಮವಿಟ್ಟು, ಗಲ್ಲ ಹಿಡಿದು ಮುಖವನ್ನು ಉಳಿದವರ ಕಡೆ ತಿರುಗಿಸಿದರು. ‘ಇವಳೇ ಕಣ್ರೀ, ನಾನು ಹೇಳ್ತಿದ್ನಲ್ಲ, ಪಾಪ, ಆ ಹುಡುಗಿ.’

ನನ್ನ ತಂಗಿ ಎಲ್ಲರಿಗೂ ಕೈಮುಗಿದು ನಕ್ಕಳು.