ದೊಡ್ಡಮ್ಮನ ಹೆಸರಿಗೆ ತಕ್ಕ ಅಕ್ಷರ

ಮೊನ್ನೆ ಸಜ್ಜಾದ ಮೇಲಿದ್ದ ಹಳೆಯ ಸ್ಟೀಲ್ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಹುರಿಗಡಲೆ ಚಟ್ನಿಪುಡಿಯ ಘಮ ಇನ್ನೂ ಇತ್ತು… ಉಪ್ಪಾರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾಗಿ ಅಲ್ಲೇ ಕೂತುಬಿಟ್ಟೆ.

ರಕ್ತಸಂಬಂಧವೇನಿಲ್ಲ, ಬಾಯ್ತುಂಬ ಹಾಗೆ ಕರೆಯುತ್ತಿದ್ದೆ ಅಷ್ಟೇ. ಗುಬ್ಬಿ ಕಡೆಯವರು. ಅಬ್ಬಾ, ಏನು ಗಂಟಲು! ಹಿತ್ತಲಲ್ಲಿ ಕೂಗಿದರೆ ಬಸ್‌ಸ್ಟಾಪಿನಲ್ಲಿದ್ದವರು ತಿರುಗಿ ನೋಡಬೇಕು.

ಆಗ ನಾನು ಡಿಸೈನ್ ಓದುತ್ತಿದ್ದೆ. ಗೊತ್ತಿರುವ ಒಬ್ಬರ ಹೆಸರು ಬರೆಯಿರಿ, ಅಕ್ಷರ ನೋಡಿಯೇ ಅವರ ಸ್ವಭಾವ ತಿಳಿಯಬೇಕು ಎಂದಿದ್ದರು ಮೇಷ್ಟ್ರು. ದಿನಾ ತಿಂಡಿ ಕೊಡುವ ಕೈಯಲ್ಲವೇ ಎಂದು ದೊಡ್ಡಮ್ಮನ ಹೆಸರನ್ನು ಬಳ್ಳಿಯಂಥ ತೆಳು ಅಕ್ಷರದಲ್ಲಿ ಬರೆದು ತೋರಿಸಿದೆ.

"ಏನೇ ಇದು, ಬಾಣಂತಿ ಎದ್ದು ಬಂದಂಗೈತೆ! ನಾನಿಷ್ಟು ಮೆತ್ತಗಿದೀನೇನೇ?"

ಸರಿ, ಗಂಟಲಿಗೆ ತಕ್ಕಂತಿರಲಿ ಎಂದು ದಪ್ಪಗೆ ಬರೆದೆ. ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ಇದು ನಾನಲ್ಲ ಕಣೇ, ನಮ್ಮತ್ತೆ!"

ಆಮೇಲೆ ಅಡುಗೆಮನೆಗೆ ಕರೆದೊಯ್ದು ಪಾತ್ರೆಗಳನ್ನು ತಿರುಗಿಸಿ ತೋರಿಸಿದರು. ಮದುವೆಗೆ ಪಾತ್ರೆ ಕೊಡುವವರು ತಮ್ಮ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಿಸುತ್ತಾರಲ್ಲ, ಎಲ್ಲದರ ಮೇಲೂ ಅದೇ. ಕುಣಿಗಲ್ ಮಾವನದು, ಗೂಳೂರು ಚಿಕ್ಕಪ್ಪನದು… ತಾವೇ ಕೊಂಡದ್ದರ ಮೇಲೆ ಯಜಮಾನರದು.

"ತಿಕ್ಕಿ ತಿಕ್ಕಿ ಸವೆದಿದ್ದು ನನ್ ಕೈ, ಹೆಸ್ರು ಊರೋರ್ದು. ಮಗಳ ಮದ್ವೆಗೆ ಕೊಡೋ ಪಾತ್ರೆ ಮೇಲಾದ್ರೂ ನನ್ನೆಸ್ರು ಇರ್ಲಿ ಕಣೇ. ಚೆನ್ನಾಗ್ ಬರ್ಕೊಡು." ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಅಲ್ಲಿಂದ ಅವರನ್ನೇ ಗಮನಿಸತೊಡಗಿದೆ. ಬೈಯುತ್ತಲೇ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುವವರು. ಹೊರಟವರ ಹಿಂದೆ ಗೇಟಿನವರೆಗೂ ಬಂದು ಮತ್ತೆ ಮಾತು ಶುರು ಮಾಡುವವರು. ಒತ್ತೊತ್ತಾಗಿ ಕೂತ ಗಟ್ಟಿ ಅಕ್ಷರ ಬರೆದು, ಕೊನೆಯದರ ಬಾಲವನ್ನು ಮಾತ್ರ ಉದ್ದಕ್ಕೆ ಎಳೆದೆ. ದೊಡ್ಡಮ್ಮ ಅದರ ಮೇಲೆ ಬೆರಳಾಡಿಸಿ, "ಹೂಂ, ಇವ್ಳು ನಾನೇ" ಅಂದರು. ಚುಕ್ಕಿಯಲ್ಲಿ ಇಷ್ಟುದ್ದದ ಬಾಲ ಬರಲ್ಲ ಎಂದು ಪಾತ್ರೆ ಅಂಗಡಿಯವನು ಗೊಣಗಿದರೂ ಬಿಡದೆ, ಎದುರಿಗೇ ನಿಂತು ಎಲ್ಲ ಪಾತ್ರೆಗೂ ಕೆತ್ತಿಸಿದರು. ನನಗೆಂದು ಈ ಡಬ್ಬಿ ಕೊಂಡು, ಅದರ ಮೇಲೂ ಹೆಸರು ಕೆತ್ತಿಸಿ, ಚಟ್ನಿಪುಡಿ ತುಂಬಿ ಕೊಟ್ಟದ್ದೂ ಆಗಲೇ. ಎಷ್ಟು ಪ್ರೀತಿ ಇಟ್ಟುಕೊಂಡಿದ್ದರು ನನ್ನ ಮೇಲೆ!

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. "ಶಿವಗಣಾರಾಧನೆ ಕಾರ್ಡು ನೀನೇ ಮಾಡ್ಕೊಡೇ, ಅಮ್ಮನ ಅಕ್ಷರದಲ್ಲೇ ಇರ್ಲಿ" ಎಂದಳು ಅವರ ಮಗಳು. ಕಂಪ್ಯೂಟರ್ ಮುಂದೆ ಕೂತು, ಹೊಸ ಫೈಲು ತೆರೆದು ಹೆಸರು ಬರೆದೆ. ಅದೇ ಅಕ್ಷರದಲ್ಲಿ ಹೆಸರಿಗೆ ಮೊದಲು 'ಲಿಂಗೈಕ್ಯ' ಎಂದೂ ಬರೆಯಬೇಕಿತ್ತು… ಕೈ ಬರಲಿಲ್ಲ. ಅದನ್ನು ಹಾಗೇ ಬಿಟ್ಟು, ಎಲ್ಲರ ಕಾರ್ಡಿಗೂ ಹಾಕುವ ಮಾಮೂಲಿ ಅಕ್ಷರದಲ್ಲೇ ಕಾರ್ಡು ಮಾಡಿ ಕಳಿಸಿದೆ.

ದೊಡ್ಡಮ್ಮ ಇಲ್ಲ, ನನಗೆ ಗೊತ್ತು. ಆದರೆ ಆ ಫೈಲಿನಲ್ಲಿ ಇವತ್ತಿಗೂ ಅವರ ಹೆಸರೊಂದೇ ಇದೆ. ಹಿಂದೆ ಮುಂದೆ ಏನೂ ಬರೆದಿಲ್ಲ.