ಮುದ್ದೆ ಷರತ್ತು

ಅವರ ಬಲಗೈ ಹೆಬ್ಬೆಟ್ಟು ಮತ್ತು ತೋರುಬೆರಳಿನ ಉಗುರುಗಳು ಯಾವಾಗಲೂ ನೇರಳೆ ಬಣ್ಣದಲ್ಲಿರುತ್ತಿದ್ದವು. ಹೊಳೆನರಸೀಪುರದ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ, ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರ ಬರೆದರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಎಲ್ಲವೂ. ಹೆಬ್ಬೆಟ್ಟು ಒತ್ತುವವರು ಮುದುಕರಾದರೆ ಅವರ ಬೆರಳನ್ನು ತಾವೇ ಹಿಡಿದು ಶಾಯಿಯ ಪ್ಯಾಡಿನ ಮೇಲೆ ಹೊರಳಿಸಿ, ಕಾಗದಕ್ಕೆ ಒತ್ತಿಸಿ, ಆಮೇಲೆ ಚಿಂದಿ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ ಕಳಿಸುತ್ತಿದ್ದರು. ತಮ್ಮ ಬೆರಳು ಒರೆಸಿಕೊಳ್ಳುವುದು ಮಾತ್ರ ಅವರಿಗೆ ನೆನಪಾಗುತ್ತಿರಲಿಲ್ಲ. ಊರಿನವರು ಅವರನ್ನು ರೈಟ್ರು ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ರೈಟ್ರದ್ದು ಒಂದು ಪದ್ಧತಿ ಇತ್ತು. ಅಪ್ಪನೋ ಅವ್ವನೋ ಮಕ್ಕಳ ಹೆಸರಿಗೆ ಮನೆ ಬರೆದುಕೊಡಲು ಬಂದರೆ, ಮೊದಲು ಮಕ್ಕಳನ್ನು ಟೀ ಕುಡಿಯಲು ಓಡಿಸುತ್ತಿದ್ದರು. "ಓಗಿ, ನಿಧಾನಕ್ಕೆ ಕುಡ್ಕಂಡ್ ಬನ್ನಿ. ಇಲ್ಲೇನೂ ರೈಲು ಬುಟ್ಟೋಗಲ್ಲ." ಮಕ್ಕಳು ಮರೆಯಾದ ಮೇಲೆ ಮುದುಕರ ಮುಂದೆ ಬಗ್ಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಾಳಿಂದ ನಿಂಗೆ ಮುದ್ದೆ ಇಕ್ಕೋರ್ಯಾರು?"

ಉತ್ತರ ಏನೇ ಬರಲಿ, ಅದು ಪತ್ರದೊಳಗೆ ಸೇರುತ್ತಿತ್ತು. ದಾನ ಕೊಟ್ಟವರು ಬದುಕಿರುವವರೆಗೆ ಆ ಮನೆಯಲ್ಲೇ ವಾಸಿಸತಕ್ಕದ್ದು, ದಾನ ಪಡೆದವರು ಅವರ ಅನ್ನ, ಬಟ್ಟೆ, ಔಷಧಿ ನೋಡಿಕೊಳ್ಳತಕ್ಕದ್ದು, ಅಲ್ಲಿಯವರೆಗೆ ಮನೆಯನ್ನು ಮಾರುವುದಾಗಲಿ ಅಡವಿಡುವುದಾಗಲಿ ಕೂಡದು, ತಪ್ಪಿದರೆ ದಾನ ರದ್ದು. ಇದಕ್ಕೆ ಕಚೇರಿ ಸುತ್ತಮುತ್ತ ಮುದ್ದೆ ಷರತ್ತು ಎಂದೇ ಹೆಸರು. ಇದನ್ನು ಬೇಡ ಅಂದ ಗಂಡುಮಕ್ಕಳಿಗೆ ಅವರು ಪಕ್ಕದ ಮೇಜು ತೋರಿಸುತ್ತಿದ್ದರು. ಹೀಗಾಗಿ ಪಕ್ಕದ ಮೇಜಿನವರು ಮಹಡಿ ಮನೆ ಕಟ್ಟಿದರು.

ನಾನು ಅವರ ಮುಂದೆ ಹೋಗಿ ನಿಂತದ್ದು ಅಪ್ಪನಿಗೆ ಲಕ್ವ ಹೊಡೆದ ಮೂರನೇ ತಿಂಗಳು. ಅಪ್ಪ ಅಕ್ಕಿ ಗಿರಣಿಯಲ್ಲಿ ತೂಕ ಬರೆಯುತ್ತಿದ್ದವನು. ಹೊಳೆಗೆ ಹೋಗುವ ದಾರಿಯಲ್ಲಿ ಮೂರು ಕೋಣೆಯ ಒಂದು ಮನೆ ಕಟ್ಟಿಸಿದ್ದ. ಅದು ಬಿಟ್ಟರೆ ನಮಗೆ ಬೇರೆ ಆಸ್ತಿ ಇರಲಿಲ್ಲ. ನಾನು ಚನ್ನರಾಯಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರು. ಹಾಸನದ ಡಾಕ್ಟರು ಹೇಳಿದ್ದರು, ಮೈಸೂರಿನ ಆರೈಕೆ ಕೇಂದ್ರದಲ್ಲಿ ಆರೆಂಟು ತಿಂಗಳು ಇಟ್ಟು ವ್ಯಾಯಾಮ ಮಾಡಿಸಿದರೆ ಮಾತು ಬರಬಹುದು, ಕೋಲು ಹಿಡಿದು ನಡೆಯಲೂಬಹುದು ಎಂದು. ನನ್ನ ಸಂಬಳದಲ್ಲಿ ಅದು ಆಗುವ ಮಾತಲ್ಲ. ಮನೆ ನನ್ನ ಹೆಸರಿಗೆ ಬಂದರೆ ಅದರ ಮೇಲೆ ಸಾಲ ಕೊಡಲು ಬ್ಯಾಂಕಿನವರು ಒಪ್ಪಿದ್ದರು.

ಅಪ್ಪನನ್ನು ಓಮ್ನಿಯ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದೆವು. ರೈಟ್ರು ನನ್ನನ್ನೂ ಅವ್ವನನ್ನೂ ಮರದ ಕೆಳಗೆ ನಿಲ್ಲಿಸಿ, ತಾವು ಓಮ್ನಿ ಹತ್ತಿ ಬಾಗಿಲು ಎಳೆದುಕೊಂಡರು. ಹತ್ತು ನಿಮಿಷ ಆಯಿತು, ಕಾಲು ಗಂಟೆ ಆಯಿತು. ಮಾತೇ ಬಾರದ ಮನುಷ್ಯನ ಹತ್ತಿರ ಇವರಿಗೆ ಇಷ್ಟು ಹೊತ್ತು ಏನು ಕೆಲಸ ಎಂದು ನನಗೆ ಸಿಟ್ಟು ಬಂತು. ಇಳಿದು ಬಂದವರು ನನ್ನ ಮುಖ ನೋಡದೆ ಟೈಪಿಸ್ಟಿಗೆ ಪತ್ರ ಹೇಳಿ ಬರೆಸಿದರು. ಅದರಲ್ಲಿ ಮುದ್ದೆ ಷರತ್ತು ಇತ್ತು. ಅಪ್ಪನ ಜೊತೆಗೆ ಅವ್ವನ ಹೆಸರೂ ಇತ್ತು.

"ಅಡವಿಡಬಾರದು ಅಂತ ಬರೆದರೆ ನನಗೆ ಸಾಲ ಯಾರು ಕೊಡ್ತಾರೆ?" ಎಂದೆ. "ಆ ಸಾಲ ಅಪ್ಪನಿಗೋಸ್ಕರವೇ ತಾನೆ?"

"ಗೊತ್ತು ಮೇಷ್ಟ್ರೇ. ಆದ್ರೂ ನಾನು ತಗೆಯಕ್ಕಿಲ್ಲ. ಬೇರೆಯೋರ ತಾವ ಬರ್ಸ್ಕಳಿ."

ಬರೆಸಿದೆ. ಪಕ್ಕದ ಮೇಜಿನಲ್ಲಿ ಅರ್ಧ ಗಂಟೆಯಲ್ಲಿ ಷರತ್ತಿಲ್ಲದ ಪತ್ರ ಸಿದ್ಧವಾಯಿತು. ಓಮ್ನಿಗೆ ಒಯ್ದು ಅಪ್ಪನ ಎಡಗೈ ಹಿಡಿದರೆ ಅವನು ಮುಷ್ಟಿ ಬಿಗಿದುಕೊಂಡ. ಬಲಗಡೆ ಪೂರ್ತಿ ಬಿದ್ದುಹೋದ ಮನುಷ್ಯನ ಎಡಗೈಯಲ್ಲಿ ಅಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ. ಒಂದೊಂದೇ ಬೆರಳು ಬಿಡಿಸಲು ನೋಡಿದೆ. ಅವ್ವ "ಬುಡ್ಲಾ, ನೋಯ್ತದೆ" ಎಂದು ಅತ್ತಳು. ಕೊನೆಗೆ ರೈಟ್ರು ತಮ್ಮ ಪತ್ರ ತಂದು ಮುಂದೆ ಹಿಡಿದಾಗ ಅಪ್ಪ ತಾನೇ ಬೆರಳು ಚಾಚಿದ. ರೈಟ್ರು ಆ ಬೆರಳಿಗೆ ಎಣ್ಣೆ ಹಚ್ಚಿ ಒರೆಸಿದರು. ಆ ಕಾಲು ಗಂಟೆಯಲ್ಲಿ ಈ ಮನುಷ್ಯ ಅಪ್ಪನ ಕಿವಿ ಊದಿದ್ದಾನೆ, ಮಗನ ಮೇಲೆ ಅನುಮಾನ ಹುಟ್ಟಿಸಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ಬರೆದ ಕೂಲಿ ತೆಗೆದುಕೊಳ್ಳಲಿಲ್ಲ.

ಬ್ಯಾಂಕಿನವರು ಪತ್ರ ಓದಿ ವಾಪಸ್ ಕೊಟ್ಟರು. ಅಪ್ಪ ಮೈಸೂರಿಗೆ ಹೋಗಲಿಲ್ಲ. ಮನೆಗೆ ಬಂದು ನೋಡಿಕೊಳ್ಳುವ ನರ್ಸನ್ನು ನಾಲ್ಕು ತಿಂಗಳು ಇಟ್ಟುಕೊಂಡೆವು. ಆಮೇಲೆ ಅದೂ ಆಗಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ನಾನು ಶಾಲೆಗೆ ಹೋದರೆ ಅವ್ವ ಒಬ್ಬಳೇ, ಅವಳದೋ ನಲವತ್ತು ಕೇಜಿ ಮೈ. ಬೆನ್ನಿನ ಕೆಳಗೆ ಹುಣ್ಣಾಯಿತು. ಆ ವಾಸನೆ ಊದುಬತ್ತಿಗೆಲ್ಲ ಹೋಗುವಂಥದ್ದಲ್ಲ. ಹದಿನಾಲ್ಕು ತಿಂಗಳು ಹಾಗೆ ನವೆದು ಅಪ್ಪ ಹೋದ. ಮಣ್ಣು ಮಾಡಿ ಬಂದ ದಿನ ಅವ್ವ ಜಗಲಿಯಲ್ಲಿ ಕೂತು ಹೇಳಿದ ಮಾತು ಒಂದೇ. "ಆ ರೈಟ್ರು ನಮ್ಮೆಜಮಾನ್ರನ್ನ ಕೊಂದ್ಬುಟ್ಟ ಕಣ್ಲಾ."

ನನಗೂ ಹಾಗೇ ಅನಿಸಿತ್ತು. ಕಚೇರಿಯ ದಾರಿಯಲ್ಲಿ ಹೊಂಗೆ ಮರ ಕಂಡರೆ ರಸ್ತೆಯ ಆ ಕಡೆಗೆ ದಾಟುತ್ತಿದ್ದೆ.

ಕೆಲವು ವರ್ಷದ ಮೇಲೆ ನಾನು ಸಾಲ ಮಾಡಿ ಒಂದು ಟ್ಯೂಷನ್ ಕೇಂದ್ರ ತೆರೆದೆ. ಲಾಕ್‌ಡೌನ್ ಬಂದು ಅದು ಮುಚ್ಚಿತು. ಸಾಲ ಕೊಟ್ಟವನು ವಕೀಲರ ಜೊತೆ ಮನೆ ನೋಡಲು ಬಂದ. ವಕೀಲರು ಜಗಲಿಯಲ್ಲಿ ಕೂತು ದಾನಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಈ ಅಮ್ಮ ಇರೋ ಗಂಟ ಇದನ್ನ ಮುಟ್ಟಕ್ಕಾಗಕಿಲ್ಲ" ಎಂದು ಎದ್ದರು. ಅವ್ವ ಅವರಿಬ್ಬರಿಗೂ ಮಜ್ಜಿಗೆ ಕೊಟ್ಟು ಕಳಿಸಿದಳು. ಅವತ್ತಾದರೂ ನಾನು ಹೋಗಿ ರೈಟ್ರಿಗೆ ಕೈ ಮುಗಿಯಬೇಕಿತ್ತು. ಹೋಗಲಿಲ್ಲ. ಹಟ ಅನ್ನುವುದು ನಮ್ಮ ಮನೆತನಕ್ಕೆ ಅಂಟಿದ ಜಾಡ್ಯ.

ಕೊನೆಗೆ ಅವರೇ ಬಂದರು, ಒಂದು ಭಾನುವಾರ. ಗಡ್ಡ ಬೆಳೆದಿತ್ತು. ಅವರ ಹೆಂಡತಿಗೆ ಮರೆವಿನ ಕಾಯಿಲೆ ಎಂದು ಕೇಳಿದ್ದೆ. ಎರಡು ಸಲ ಮನೆ ಬಿಟ್ಟು ಹೋಗಿ ಒಮ್ಮೆ ಅರಕಲಗೂಡಿನ ಬಸ್ಸಿನಲ್ಲಿ, ಇನ್ನೊಮ್ಮೆ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿದ್ದರಂತೆ. ಈಗ ಗಂಡನನ್ನು ಕಂಡರೆ ಕಳ್ಳ ಬಂದ ಎಂದು ಕೂಗುತ್ತಿದ್ದರಂತೆ. ಒಳಗಿದ್ದ ಅವ್ವ ಇವರ ದನಿ ಕೇಳಿ ಬಾಗಿಲು ಹಾಕಿಕೊಂಡಳು. ಅವರು ಜಗಲಿಯ ತುದಿಯಲ್ಲೇ ನಿಂತು ಹೇಳಿದರು, "ನಾಳೆ ನಮ್ಮನೆ ಪತ್ರ ಆಗ್ತದೆ, ಮಗನ ಎಸ್ರಿಗೆ. ನೀವು ಸಾಕ್ಷಿಗೆ ಬರಬೇಕು ಮೇಷ್ಟ್ರೇ. ಸಾಕ್ಷಿಗೆ ಯಾರಾದ್ರೂ ಸಿಕ್ತಾರೆ. ಆದ್ರೆ ಆ ಪ್ರಶ್ನೆನ ನನ್ನ ಕೇಳೋರೊಬ್ರು ಬೇಕು. ನನ್ನ ನಾನೇ ಕೇಳ್ಕಳಕ್ಕಾಗ್ತದಾ?"

ಯಾಕೆ ಹೋದೆನೋ ಗೊತ್ತಿಲ್ಲ. ಅವರ ಸೋಲು ನೋಡುವ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅವರ ಮಗ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಅಂಗಡಿ ಇಟ್ಟವನು, ಕೆಟ್ಟವನಲ್ಲ. ಹೇಳುವ ಮೊದಲೇ ಟೀ ಅಂಗಡಿ ಕಡೆಗೆ ನಡೆದ. ರೈಟ್ರು ಮುದುಕರು ಕೂರುತ್ತಿದ್ದ ಕುರ್ಚಿಯಲ್ಲಿ ಕೂತರು, ನಾನು ಅವರ ಕುರ್ಚಿಯಲ್ಲಿ.

"ನಾಳೆಯಿಂದ ನಿಮಗೆ ಮುದ್ದೆ ಇಕ್ಕೋರು ಯಾರು?" ಎಂದು ಕೇಳಿದೆ.

ಅವರು ಶಾಯಿಯ ಪ್ಯಾಡನ್ನು ನನ್ನ ಕಡೆಗೆ ಸರಿಸಿದರು. "ನಂಗ್ಯಾರು ಇಕ್ತಾರೋ ಕಾಣೆ. ಅವಳ್ಗೆ ಇಕ್ಕೋರು ಬೇಕು. ಆಸ್ನದಲ್ಲಿ ಒಂದ್ಕಡೆ ನೋಡ್ಕತಾರಂತೆ. ಮನೆ ಅಡ ಇಡ್ದೆ ಆಗಕಿಲ್ಲ. ನನ್ ವಯಸ್ಗೆ ಸಾಲ ಕೊಡಕಿಲ್ಲ, ಮಗನೇ ತಗೀಬೇಕು. ಷರತ್ತು ಬ್ಯಾಡ, ಬುಟ್ಬುಡಿ."

ನನ್ನೊಳಗೆ ಇಷ್ಟು ವರ್ಷ ಕೂತಿದ್ದದ್ದು ಆಗ ಎದ್ದು ಬಂತು. "ನಿಮ್ಮ ಹೆಂಡತಿಗಾದರೆ ಬೇಡ. ನಮ್ಮಪ್ಪನಿಗೆ ಮಾತ್ರ ಯಾಕೆ ಬರೆದಿರಿ? ನಾನೂ ಕೇಳಿದ್ದು ಇದನ್ನೇ ಅಲ್ಲವೇ?"

"ಅದು ನಾನು ಬರ್ದಿದ್ದಲ್ಲ ಮೇಷ್ಟ್ರೇ. ನಿಮ್ಮಪ್ಪ ಬರ್ಸಿದ್ದು."

ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಸಾಲದ ಇಸ್ಯ ನೀವು ಮೊದ್ಲೇ ಯೋಳಿದ್ರಲ್ಲ, ನಾನು ಷರತ್ತಿಲ್ದೇನೇ ಬರೆಯಾನ ಅಂತ್ಲೇ ಓಮ್ನಿ ಅತ್ತಿದ್ದು. ಮಗ ಮೈಸೂರಿಗೆ ಕರ್ಕೋಯ್ತನೆ, ಉಸಾರಾಯ್ತೀಯ ಅಂದೆ. ತಲೆ ಆಡ್ಸಿದ್ರು, ಬ್ಯಾಡ ಅಂತ. ಕಿಟಕೀಲಿ ಮರದ ಕೆಳ್ಗೆ ನಿಮ್ಮವ್ವ ಕಾಣ್ತಿದ್ರು. ಎಡಗೈ ಎತ್ತಿ ತೋರ್ಸಿದ್ರು. 'ಅವ್ಳು, ಅವ್ಳು' ಅನ್ನದೊಂದೇ ಬಾಯಲ್ಲಿ. ಮನೆ ಅವ್ಳಿಗೆ ಉಳೀಬೇಕಾ ಅಂತ ಮೂರು ಸಲ ಕೇಳ್ದೆ. ನಿನ್ ಔಸ್ದಿಗೆ ದುಡ್ಡಿರಕಿಲ್ಲ, ಒಂಟೋಯ್ತೀಯ ಅಂದೆ. ಅದ್ಕೂ ಹೂಂ ಅಂದ್ರು. ಆಮೇಲೆ ನಿಮ್ಮ ಕಡೆ ತೋರ್ಸಿ ಬಾಯ್ಮೇಲೆ ಬೆರಳಿಟ್ರು."

"ನನಗೆ ಹೇಳಬಹುದಿತ್ತಲ್ಲ."

"ಯೋಳಿದ್ರೆ ಒಪ್ತಿದ್ರಾ? ಅಪ್ಪನ್ ಮೇಲೆ ಸಿಟ್ಟಾಗೋ ಬದ್ಲು ನನ್ ಮೇಲೆ ಆಗ್ಲಿ ಅಂದ್ಕಂಡೆ."

ಷರತ್ತಿಲ್ಲದ ಪತ್ರಕ್ಕೆ ನಾನು ಸಾಕ್ಷಿ ಹಾಕಿದೆ. ಅವರ ಹೆಬ್ಬೆಟ್ಟನ್ನು ಹಿಡಿದು ಶಾಯಿಗೆ ಹೊರಳಿಸಿ ಒತ್ತಿಸಿದೆ, ಎಣ್ಣೆ ಹಚ್ಚಿ ಒರೆಸಿದೆ. ಅಪ್ಪ ತನ್ನ ಜೀವ ಬಿಟ್ಟು ಅವ್ವನ ಮನೆ ಉಳಿಸಿದ. ಇವರು ಮನೆ ಬಿಟ್ಟು ಹೆಂಡತಿಯನ್ನು ಉಳಿಸಲು ನೋಡಿದರು. ಎರಡೂ ನನ್ನ ಕಣ್ಣೆದುರೇ ಆದವು, ಯಾವುದು ಸರಿ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ರೈಟ್ರ ಹೆಂಡತಿ ಹಾಸನದಲ್ಲಿ ಎರಡು ವರ್ಷ ಇದ್ದರು. ಒಳ್ಳೆಯ ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ, ಮೈಮೇಲೆ ಒಂದು ಹುಣ್ಣಿಲ್ಲ. ಕೊನೆಯವರೆಗೂ ಗಂಡನ ಗುರುತು ಹಿಡಿಯಲಿಲ್ಲ. ಆಕೆ ತೀರಿಕೊಂಡಾಗ ಸಾಲ ಹಾಗೇ ಉಳಿದಿತ್ತು, ಮನೆ ಹರಾಜಾಯಿತು. ಮಗ ಅಪ್ಪನನ್ನು ಕೊಬ್ಬರಿ ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಮೂಟೆಗಳ ನಡುವೆ ಒಂದು ಮಂಚ, ಒಂದು ಲೋಟ. ಮನೆಯ ಮಾತು ಅವರು ಒಮ್ಮೆಯೂ ಎತ್ತಲಿಲ್ಲ. "ಅವ್ವ ಸಂದಾಕವ್ರಾ?" ಎಂದು ಮಾತ್ರ ಕೇಳುತ್ತಿದ್ದರು.

ಹೋದ ಮಾಘದಲ್ಲಿ ರೈಟ್ರು ಅಲ್ಲೇ ತೀರಿಕೊಂಡರು. ಅಂಗಡಿಯ ಮುಂದೆ ಮಲಗಿಸಿದ್ದರು. ಉಗುರುಗಳ ನೇರಳೆ ಬಣ್ಣ ಪೂರ್ತಿ ಹೋಗಿತ್ತು.

ಮಣ್ಣು ಮುಗಿಸಿ ಮನೆಗೆ ಬಂದು, ಹಿತ್ತಿಲಲ್ಲಿ ಸ್ನಾನ ಮಾಡಿ ಒಳಗೆ ಬಂದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಯಾರ ಸಾವು ಎಂದು ಕೇಳಿದಳು. ಹೇಳಿದೆ.

"ನಿಮ್ಮಪ್ಪನ್ನ ಕೊಂದೋನ ಮಣ್ಣಿಗೆ ನೀನ್ಯಾಕ್ಲಾ ಓಗಿದ್ದೆ?"

ಅವಳಿಗೀಗ ಎಂಬತ್ತೊಂದು. ಈ ಸೂರಿಗೆ ಅಪ್ಪ ಏನು ಕೊಟ್ಟ ಎಂದು ಗೊತ್ತಾದರೆ ಮಾರನೇ ದಿನ ಇದರಡಿ ಮಲಗುವವಳಲ್ಲ. ತಟ್ಟೆ ತಂದು ಅವಳ ಮುಂದಿಟ್ಟು ಮುದ್ದೆ ಇಕ್ಕಿದೆ.